ಪಂಕ್ತಿಯಲ್ಲಿ ರೋಗಿಗಳಿಲ್ಲ

ಹನುಮಾನ್ ಘಾಟಿನ ಹಿಂದಿನ ಗಲ್ಲಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ಪಟಪಟ ರೊಟ್ಟಿ ಬಡಿಯುವ ಸದ್ದು ಕೇಳಿತೆಂದರೆ ಅದು ಜಗದಾಂಬನವರ ಮನೆಯೇ, ಬೇರೆ ಯಾರದ್ದೂ ಅಲ್ಲ. ಗಲ್ಲಿಯ ತುಂಬ ತೆಲುಗರು, ತಮಿಳರು, ಯಾತ್ರಿಕರು, ಅವರಿಗೆ ರೂಮು ಕೊಡುವ ಪುರೋಹಿತರು. ಜೋಳದ ರೊಟ್ಟಿ ಬಡಿಯುವ ಕೈ ಮಾತ್ರ ಇದೊಂದೇ. ಹಾವೇರಿ ಕಡೆಯಿಂದ ಕಾಶಿಗೆ ಬರುವ ಗುರುತಿನವರು ಯಾರೇ ಆಗಲಿ, ಒಂದು ಚೀಲ ಜೋಳದ ಹಿಟ್ಟು ಹೊತ್ತು ತರಲೇಬೇಕು. ಬರಿಗೈಯಲ್ಲಿ ಬಂದವರಿಗೆ ವಿಶ್ವನಾಥನ ದರ್ಶನ ಸಿಕ್ಕೀತು, ಜಗದಾಂಬನವರ ನಗುಮುಖದ ದರ್ಶನ ಸಿಗುವುದಿಲ್ಲ.

ಆ ಸದ್ದು ಮೆಟ್ಟಿಲಿಳಿದು ಕೆಳಗಿನ ಅಂತಸ್ತಿಗೆ ಹೋಗುತ್ತದೆ. ಅಲ್ಲಿ ಅವರ ಸೊಸೆ ಡಾಕ್ಟರ್ ಭವಾನಿಯ ನರ್ಸಿಂಗ್ ಹೋಮ್ ಇದೆ. ದೊಡ್ಡದೇನಲ್ಲ, ಹತ್ತು ಮಂಚ, ಇಬ್ಬರು ನರ್ಸುಗಳು, ಕಂಪ್ಯೂಟರಿನ ಮುಂದೆ ಕೂತು ವಿಮೆ ಕಾರ್ಡಿನ ಕೆಲಸ ನೋಡುವ ಗುಮಾಸ್ತ ಸಮೀರ. ಜ್ವರ, ನ್ಯುಮೋನಿಯಾ, ಸಕ್ಕರೆ ಕಾಯಿಲೆ, ಕಾಲು ಬಾವು, ಉಬ್ಬಸ ಅಂತ ಬಂದು ಮಲಗಿದವರಲ್ಲಿ ಎದ್ದು ನಡೆಯಬಲ್ಲವರು ರೊಟ್ಟಿಯ ಸದ್ದು ಕೇಳಿದ ಕೂಡಲೇ ಮಂಚ ಬಿಟ್ಟು ಮೆಟ್ಟಿಲು ಹತ್ತುತ್ತಾರೆ. ಮೇಲೆ ಅಡುಗೆಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿರುತ್ತದೆ. ಅದೇ ಪಂಕ್ತಿ.

ಈ ಪಂಕ್ತಿಯ ಪದ್ಧತಿ ಜಗದಾಂಬನವರ ಗಂಡ ಗುರುಪಾದಯ್ಯನವರದು. ಅವರು ಆಯುಷ್ಯವಿಡೀ ಮಠದ ಯಾತ್ರಿನಿವಾಸ ನೋಡಿಕೊಂಡವರು. ಉಣ್ಣಲು ಕೂತವರನ್ನು ಯಾವ ಊರು, ಯಾವ ಜಾತಿ, ಏನು ಕಷ್ಟಕ್ಕೆ ಬಂದೆ ಅಂತ ಕೇಳಬಾರದು. ಕೂತ ಮೇಲೆ ಎಲ್ಲರೂ ಅತಿಥಿಗಳು. ಮಠದ ಆ ನಿಯಮವನ್ನು ಅವರು ಮನೆಗೂ ತಂದರು. ಕೆಳಗೆ ದವಾಖಾನೆ ಶುರುವಾದ ಮೇಲೆ ಜಗದಾಂಬ ಅದಕ್ಕೆ ತಮ್ಮದೊಂದು ನಿಯಮ ಸೇರಿಸಿದರು: ಪಂಕ್ತಿಯಲ್ಲಿ ಕಾಯಿಲೆಯ ಮಾತು ಆಡಕೂಡದು, ಯಾರನ್ನೂ ರೋಗಿ ಅನ್ನಕೂಡದು. ದೋಣಿ ನಡೆಸುವ ಬದರಿ ಒಮ್ಮೆ ತನ್ನ ಕಫದ ಪುರಾಣ ತೆಗೆದದ್ದಕ್ಕೆ ಅವನ ತಟ್ಟೆಗೆ ಮುದ್ದೆಯಷ್ಟು ಪಲ್ಯ ಬಡಿಸಿ ಬಾಯಿ ಮುಚ್ಚಿಸಿದ್ದರು. ಹಾಗಂತ ಪಥ್ಯ ಮರೆಯುವ ಹೆಂಗಸಲ್ಲ ಅವರು. ಉಪ್ಪಿಲ್ಲದ ಬೇಳೆ ಒಂದು ಪಾತ್ರೆ, ಉಪ್ಪಿನದು ಒಂದು ಪಾತ್ರೆ, ಯಾರಿಗೆ ಯಾವುದು ಅಂತ ಸೊಸೆ ಬೆಳಿಗ್ಗೆ ಹೇಳಿದರೆ ಮುಗಿಯಿತು.

ಡಾಕ್ಟರು ಸೊಸೆ ಬೇಡ ಅಂತ ಹಟ ಹಿಡಿದಿದ್ದವರೂ ಇದೇ ಜಗದಾಂಬ. ಓದಿದ ಹುಡುಗಿ ಒಲೆ ಮುಂದೆ ನಿಲ್ಲುವವಳಲ್ಲ ಅನ್ನುವುದು ಅವರ ತಕರಾರು. ಅದು ನಿಜವೂ ಆಯಿತು. ಭವಾನಿಗೆ ಇವತ್ತಿಗೂ ದುಂಡಗಿನ ರೊಟ್ಟಿ ಬರುವುದಿಲ್ಲ. ಆದರೆ ಅದೇ ಭವಾನಿ ಮನುಷ್ಯನ ಉಗುರು ನೋಡಿ, ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿ, ಕಾಲಿನ ಬಾವನ್ನು ಬೆರಳಿನಿಂದ ಒತ್ತಿ ನೋಡಿ ಒಳಗಿನ ಕಥೆ ಹೇಳುವುದನ್ನು ಕಂಡಮೇಲೆ ಜಗದಾಂಬನವರ ತಕರಾರು ಕರಗಿಹೋಯಿತು. ಈಗ ತರಕಾರಿ ಗಾಡಿಯವನಿಗೂ ಹಾಲಿನವಳಿಗೂ ಸೊಸೆಯ ಗುಣಗಾನ ಕೇಳಿ ಕೇಳಿ ಸಾಕಾಗಿದೆ. ಎದುರಿಗೆ ಮಾತ್ರ ಒಂದು ಒಳ್ಳೆಯ ಮಾತಿಲ್ಲ. ಎದುರಿಗೆ ಹೊಗಳಿದರೆ ಸೊಸೆ ಸಲಿಗೆ ತಗೊಂಡು ತಲೆ ಮೇಲೆ ಕೂರುತ್ತಾಳೆ ಅನ್ನುವ ಹಳೇ ಕಾಲದ ಹೆದರಿಕೆ ಅವರಿಗೆ.

ಒಂದು ವಿಷಯಕ್ಕೆ ಮಾತ್ರ ಅವರಿಗೆ ಸೊಸೆಯ ಮೇಲೆ ಸಿಟ್ಟಿತ್ತು. ಮಧ್ಯಾಹ್ನ ಜನ ಮೆಟ್ಟಿಲು ಹತ್ತುವಾಗ ಭವಾನಿ ಎಲ್ಲ ಕೆಲಸ ಬಿಟ್ಟು ಮೆಟ್ಟಿಲ ಬುಡದಲ್ಲಿ ಬಂದು ನಿಲ್ಲುತ್ತಿದ್ದಳು. ಕೈಕಟ್ಟಿಕೊಂಡು ಒಬ್ಬೊಬ್ಬರನ್ನೇ ನೋಡುತ್ತಿದ್ದಳು. ತಾನು ಎಷ್ಟು ಮಂದಿಗೆ ಬಡಿಸುತ್ತೇನೆ, ಎಷ್ಟು ಹಿಟ್ಟು ಖರ್ಚಾಗುತ್ತದೆ ಅಂತ ಕಾವಲು ಕಾಯುತ್ತಾಳೆ ಅಂದುಕೊಂಡು ಜಗದಾಂಬ ಒಳಗೊಳಗೇ ಕುದಿಯುತ್ತಿದ್ದರು. ಹೊಟ್ಟೆ ತುಂಬ ಉಣಿಸುವ ಕಡೆ ಹೀಗೆ ನಿಂತು ಎಣಿಸಬಾರದು ಅಂತ ಒಂದು ದಿನ ಹೇಳಿಯೇಬಿಡಬೇಕು ಅಂದುಕೊಂಡಿದ್ದರು.

ಹಿಟ್ಟಿನ ಖರ್ಚು ನೋಡುವ ಕಾಲವೂ ಅದಾಗಿತ್ತೆನ್ನಿ. ಭವಾನಿ ಬಡವರನ್ನು ಸರ್ಕಾರದ ವಿಮೆ ಕಾರ್ಡಿನ ಮೇಲೆ ಸೇರಿಸಿಕೊಳ್ಳುತ್ತಿದ್ದಳು. ರೋಗಿ ಒಂದು ಪೈಸೆ ಕೊಡಬೇಕಿಲ್ಲ, ಆಮೇಲೆ ಸರ್ಕಾರ ದವಾಖಾನೆಗೆ ಕೊಡುತ್ತದೆ. ಕೊಯ್ದು ಹೊಲಿಯುವ ಡಾಕ್ಟರುಗಳಿಗೆ ಒಂದು ಆಪರೇಷನ್ನಿಗೆ ದಪ್ಪ ಮೊತ್ತ ಬರುತ್ತದೆ. ಭವಾನಿಯದು ಬರೀ ಔಷಧಿಯ ಚಿಕಿತ್ಸೆ. ಮಂಚಕ್ಕೆ ದಿನಕ್ಕಿಷ್ಟು ಅಂತ ಸಣ್ಣ ಮೊತ್ತ. ಔಷಧಿ, ರಕ್ತಪರೀಕ್ಷೆ, ಊಟ ಎಲ್ಲ ಅದರಲ್ಲೇ ಆಗಬೇಕು. ಆ ಸಣ್ಣ ಮೊತ್ತವೂ ತಿಂಗಳುಗಟ್ಟಲೆ ತಡೆದು ಬರುತ್ತಿತ್ತು, ಬಂದಾಗ ಅಲ್ಲಿಷ್ಟು ಇಲ್ಲಿಷ್ಟು ಕತ್ತರಿ ಹಾಕಿಸಿಕೊಂಡು ಬರುತ್ತಿತ್ತು. ನಡುವಿನ ಕಂದಕಕ್ಕೆ ಮಣ್ಣು ಹಾಕುತ್ತಿದ್ದದ್ದು ಮಗ ಕಾಂತೇಶನ ಸಂಬಳ. ಅವನು ಬ್ಯಾಂಕಿನಲ್ಲಿ ಅಧಿಕಾರಿ, ಕೂಡಿಸಿ ಕಳೆಯುವುದೇ ಅವನ ಕಸುಬು. ಊಟಕ್ಕೆ ಕೂತಾಗಲೆಲ್ಲ ಅದೇ ರಗಳೆ.

"ಈ ದವಾಖಾನಿ ನಡಸಾಕತ್ತಿದ್ದು ಸರ್ಕಾರ ಅಲ್ಲ, ನನ್ನ ಪಗಾರ," ಅಂದ ಅವನು ಒಂದು ಸಂಜೆ. "ಕಾರ್ಡಿನವ್ರನ್ನ ಬಿಡು, ಕೈಯಾಗ ರೊಕ್ಕ ಕೊಡವ್ರನ್ನ ತಗೋ."

"ಕಾರ್ಡ್ ಹಿಡಕೊಂಡು ಬಂದವ್ರನ್ನ ಎಲ್ಲಿಗೆ ಕಳಸ್ಲಿ?" ಅಂದಳು ಭವಾನಿ. "ರೊಕ್ಕ ತಡಾ ಆದ್ರೂ ಬರ್ತೈತ್ರಿ. ಜ್ವರ ತಡಕೊಳ್ಳಂಗಿಲ್ಲ."

ಮೊಮ್ಮಗಳು ಸಾತ್ವಿಕಾ ಹನ್ನೊಂದನೇ ಕ್ಲಾಸಿನ ಹುಡುಗಿ. ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಹಿಂದಿ. "ಪಾಪಾ ಹಾರ್ ಗಯೇ," ಅಂತ ಅಪ್ಪ ಸೋತದ್ದನ್ನು ಸಾರಿದಳು. ಗುರುಪಾದಯ್ಯನವರು ಮಜ್ಜಿಗೆ ಕೇಳಿದರು. ಆ ಮನೆಯಲ್ಲಿ ಅವರು ಮಜ್ಜಿಗೆ ಕೇಳಿದರೆ ಜಗಳ ಮುಗಿಯಿತು ಅಂತ ಅರ್ಥ.

ಹೀಗಿರುವಾಗ ಚಳಿ ಶುರುವಾದ ಒಂದು ಮಧ್ಯಾಹ್ನ ತೆಳ್ಳಗಿನ ಒಬ್ಬ ಮನುಷ್ಯ ಹೆಗಲಿಗೆ ಚೀಲ ಹಾಕಿಕೊಂಡು ಕೆಳಗಿನ ಬಾಗಿಲಿಗೆ ಬಂದ. ಭವಾನಿ ಇರಲಿಲ್ಲ, ಪಕ್ಕದ ಶಿವಾಲಾ ಕೇರಿಯಲ್ಲಿ ಯಾರಿಗೋ ಎದೆನೋವೆಂದು ಓಡಿದ್ದಳು. ಸಮೀರನೂ ಊಟಕ್ಕೆ ಹೋಗಿದ್ದ. ವಾರದ ಹಿಂದೆ ಸೇರಿದ ನರ್ಸೊಬ್ಬಳು ಇದ್ದಳು. ಬಂದವನು ಮಂಚಗಳನ್ನು ನೋಡಿದ. ಎದ್ದು ಹೋಗಲಾರದ ಮೂವರು ಮಲಗಿದ್ದರು, ಉಳಿದ ಮಂಚಗಳು ಖಾಲಿ. ಜನ ಎಲ್ಲಿ ಅಂದದ್ದಕ್ಕೆ ನರ್ಸು ಮಹಡಿಯ ಕಡೆ ಕೈ ತೋರಿಸಿದಳು. ಅವನು ಬೂಟು ಬಿಚ್ಚಿ ಮೆಟ್ಟಿಲು ಹತ್ತಿದ.

ಬಾಗಿಲಲ್ಲಿ ಕಾಲುಚೀಲದಲ್ಲಿ ಹಿಂದೆಮುಂದೆ ನೋಡುತ್ತ ನಿಂತವನನ್ನು ಜಗದಾಂಬ ಯಾರದೋ ಕಡೆಯವನು ಅಂದುಕೊಂಡರು. ಯಾರು ಅಂತ ಕೇಳುವ ಪದ್ಧತಿಯಂತೂ ಇಲ್ಲ. ಕೈಹಿಡಿದು ಚಾಪೆಯ ಮೇಲೆ ಕೂರಿಸಿದರು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲವೋ ಏನೋ, ಅವನು ಬೇಡ ಬೇಡ ಅನ್ನುತ್ತಲೇ ಶೇಂಗಾ ಚಟ್ನಿ ಹಚ್ಚಿಕೊಂಡು ಮೂರು ರೊಟ್ಟಿ ಮುಗಿಸಿದ. ಎಷ್ಟು ಕೊಡಬೇಕು ಅಂತ ಕೇಳಿ ಬೈಸಿಕೊಂಡ. ಆಮೇಲೆ ಸುತ್ತ ಕೂತವರನ್ನು ನೋಡಿ, ಇವರೆಲ್ಲ ಕೆಳಗಿನ ಮರೀಜ್‌ಗಳೇ ಅಮ್ಮಾಜಿ, ಅಂತ ಕೇಳಿದ.

ಉಣ್ಣುವವರ ಎದುರಿಗೇ ರೋಗಿ ಅನ್ನುವ ಮಾತು! ಜಗದಾಂಬನವರಿಗೆ ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದವನನ್ನು ಬೈಯುವಂತಿಲ್ಲ. ಸೆಟೆದು ನಿಂತು, ಇಲ್ಲಿ ಎಲ್ಲರೂ ಅತಿಥಿಗಳೆಂದು ತಮ್ಮ ಹರಕು ಹಿಂದಿಯಲ್ಲಿ ಸ್ಪಷ್ಟವಾಗಿ ಹೇಳಿದರು: "ಯಹಾಂ ಕೋಯಿ ಮರೀಜ್ ನಹೀಂ. ಸಬ್ ಮೆಹ್ಮಾನ್ ಹೈಂ."

"ಒಬ್ಬರೂ ಇಲ್ಲವೇ?" ಅಂದ ಅವನು.

"ಏಕ್ ಭೀ ನಹೀಂ."

ಅವನು ಕೈತೊಳೆದು, ರೊಟ್ಟಿಯನ್ನು ಹೊಗಳಿ, ನಮಸ್ಕಾರ ಹೇಳಿ ಇಳಿದುಹೋದ. ಯಾರೋ ಮರ್ಯಾದಸ್ಥ, ರೊಟ್ಟಿಯನ್ನು ಬಾಯಿತುಂಬ ಹೊಗಳಿ ಹೋದ ಅಂತ ಜಗದಾಂಬ ಸಂಜೆ ಮೊಮ್ಮಗಳ ಹತ್ತಿರ ಹೇಳಿಕೊಂಡರು. ಆ ಇಡೀ ವಾರ ಖುಷಿಯಲ್ಲೇ ಇದ್ದರು.

ವಾರ ಕಳೆದ ಮೇಲೆ ಸಮೀರ ಮುಖ ಬಿಳಿಚಿಕೊಂಡು ಮೇಲೆ ಬಂದ. ಎಲ್ಲರೂ ಚಹಾ ಕುಡಿಯುತ್ತಿದ್ದರು. ವಿಮೆಯ ಕಚೇರಿಯಿಂದ ನೋಟಿಸು ಬಂದಿತ್ತು. ತಪಾಸಣೆಗೆ ಹೋದಾಗ ಮಂಚಗಳು ಖಾಲಿ ಇದ್ದವು. ಮಹಡಿಯಲ್ಲಿ ಊಟ ಮಾಡುತ್ತಿದ್ದವರು ರೋಗಿಗಳಲ್ಲ, ಅತಿಥಿಗಳು, ಅವರಲ್ಲಿ ಒಬ್ಬರೂ ರೋಗಿಯಲ್ಲ ಅಂತ ಮನೆಯ ಯಜಮಾನಿಯೇ ಹೇಳಿದ್ದಾರೆ. ಆರೋಗ್ಯವಾಗಿರುವವರನ್ನು ರೋಗಿಗಳೆಂದು ತೋರಿಸಿ ಹಣ ಕೇಳಿದ ಶಂಕೆ ಇದೆ. ಆದ್ದರಿಂದ ಬರಬೇಕಾದ ಹಣವನ್ನೆಲ್ಲ ತಡೆಹಿಡಿಯಲಾಗಿದೆ, ಹೊಸದಾಗಿ ಕಾರ್ಡಿನವರನ್ನು ಸೇರಿಸುವಂತಿಲ್ಲ, ಸರಿಯಾದ ವಿವರಣೆ ಕೊಡದಿದ್ದರೆ ದವಾಖಾನೆಯ ಹೆಸರನ್ನು ಪಟ್ಟಿಯಿಂದಲೇ ತೆಗೆಯಲಾಗುವುದು.

ಸಾತ್ವಿಕಾ ಅದನ್ನು ಓದಿ ಹೇಳುತ್ತಿದ್ದ ಹಾಗೆ ಜಗದಾಂಬ ಚಹಾ ಲೋಟ ಕೆಳಗಿಟ್ಟರು. ರೊಟ್ಟಿ ಹೊಗಳಿ ಹೋದ ಆ ಮರ್ಯಾದಸ್ಥ ಯಾರೆಂದು ಈಗ ತಿಳಿಯಿತು. ತಮ್ಮ ಬಾಯಿಂದ ಬಂದ ಮಾತು ಸರ್ಕಾರದ ಕಾಗದದಲ್ಲಿ ಕೂತು ಸೊಸೆಯನ್ನು ಕಳ್ಳಿ ಅನ್ನುತ್ತಿತ್ತು.

ಕಾಂತೇಶನ ಸಿಟ್ಟು ನೆತ್ತಿಗೇರಿತು. "ಅವ್ವಾ, ಹೌದು, ಮರೀಜ್ ಅದಾರ ಅಂದಿದ್ರ ನಿನ್ನ ನಾಲಿಗಿ ಸವೀತಿತ್ತೇನು? ನಿನ್ನ ಪಂಕ್ತಿ, ನಿನ್ನ ನಿಯಮ. ಮನಿ ಮುಳುಗಿಸಿದಿ." ಭವಾನಿ ನೋಟಿಸನ್ನು ಇನ್ನೊಮ್ಮೆ ತಾನೇ ಓದಿಕೊಂಡಳು. ಅತ್ತೆಗೆ ಗೊತ್ತಿರಲಿಲ್ಲ, ಬಿಡಿ ಅಂದಳು. ಚಹಾ ಲೋಟ ತೊಳೆದಿಟ್ಟು ರೋಗಿಗಳನ್ನು ನೋಡಲು ಇಳಿದು ಹೋದಳು.

ಆಮೇಲಿನ ವಾರಗಳು ಹೇಗೆ ಕಳೆದವೋ ಆ ಮನೆಯವರಿಗೇ ಗೊತ್ತು. ಪಂಕ್ತಿ ನಿಂತಿತು. ಜಗದಾಂಬ ರೊಟ್ಟಿಯನ್ನು ಬಡಿಯದೆ ಲಟ್ಟಿಸತೊಡಗಿದರು, ಸದ್ದಾದರೆ ಕೆಳಗಿನವರು ಎದ್ದು ಬಂದಾರೆಂದು. ಊಟ ತಟ್ಟೆಯಲ್ಲಿ ಇಳಿದು ಹೋಗುತ್ತಿತ್ತು, ಅರ್ಧಕ್ಕರ್ಧ ತಿರುಗಿ ಬರುತ್ತಿತ್ತು. ಮನೆಗೆ ಹಾಲು ಕಮ್ಮಿಯಾಯಿತು. ಗುರುಪಾದಯ್ಯನವರ ಪೆನ್ಷನ್ ನರ್ಸುಗಳ ಕೈಗೆ ಹೋಯಿತು. ಸಾತ್ವಿಕಾಳ ಕೋಚಿಂಗ್ ಫೀಸು ಕಟ್ಟುವುದು ತಡವಾಯಿತು. ತಾನೇ ಓದಿಕೊಳ್ಳುತ್ತೇನೆ ಅಂತ ಹುಡುಗಿ ಧೈರ್ಯವಾಗಿ ಹೇಳಿ, ಬಚ್ಚಲಿಗೆ ಹೋಗಿ ಅತ್ತು ಬಂದಳು. ಮದನ್‌ಪುರದ ನೇಕಾರರ ಮನೆಯ ನೂರಜಹಾನ್ ಬೀಬಿ ಸಕ್ಕರೆ ಏರಿ ತೂಗಾಡುತ್ತ ಬಂದಾಗ ಕಾರ್ಡು ನಡೆಯುವುದಿಲ್ಲ ಅಂತ ಸಮೀರ ಹೇಳಬೇಕಾಯಿತು. ಆಕೆ ವಾಪಸು ಹೊರಟಳು. ಭವಾನಿ ಓಡಿಹೋಗಿ ಗಲ್ಲಿಯ ತಿರುವಿನಲ್ಲಿ ಹಿಡಿದು ಕರೆತಂದು ಮಲಗಿಸಿದಳು. ಉಬ್ಬಸ ಮರುಕಳಿಸಿ ಬಂದ ಬದರಿಯನ್ನೂ ಹಾಗೆಯೇ ಸೇರಿಸಿಕೊಂಡಳು. ಇಬ್ಬರ ಔಷಧಿಯೂ ಅವಳ ಕೈಯಿಂದಲೇ.

ಜಗದಾಂಬ ಎಲ್ಲವನ್ನೂ ನೋಡುತ್ತಿದ್ದರು. ಅವರನ್ನು ಹೆಚ್ಚು ಸುಟ್ಟದ್ದು ಮಗನ ಬೈಗುಳವಲ್ಲ. ಸೊಸೆ ಒಂದು ದಿನವೂ, ಹುಬ್ಬು ಗಂಟಿಕ್ಕಿಯೂ, ನಿಮ್ಮಿಂದ ಹೀಗಾಯಿತು ಅನ್ನಲಿಲ್ಲ. ಬೈದಿದ್ದರೆ ತಿರುಗಿ ಬೈದು ಹಗುರಾಗಬಹುದಿತ್ತು. ಬೆಳಿಗ್ಗೆ ಎದ್ದು ಯಾರಿಗೆ ಉಪ್ಪು ಬೇಡ ಅಂತ ಎಂದಿನಂತೆ ಹೇಳಿ ಹೋಗುತ್ತಿದ್ದಳು. ಎಂಥ ಹೊಟ್ಟೆಯವ್ವ ಇವಳದು ಅಂತ ಜಗದಾಂಬ ಗಂಡನ ಹತ್ತಿರ ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಷ್ಟು ಒಳ್ಳೆಯವಳಾದರೆ ಅವಳ ಎದುರಿಗೇ ಹೇಳು ಅಂದರು ಗುರುಪಾದಯ್ಯ. ಜಗದಾಂಬ ಎದ್ದು ಒಲೆಯ ಕಡೆ ಹೋದರು.

ವಿವರಣೆ ಕೊಡುವ ದಿನ ಹತ್ತಿರ ಬಂತು. ಆ ಸಂಜೆ ಎಲ್ಲರೂ ಕೂತು ಅವರೆಕಾಳು ಸುಲಿಯುತ್ತಿದ್ದರು. ಕಾಂತೇಶ ಬ್ಯಾಂಕಿನಿಂದ ಒಂದು ಉಪಾಯ ಹೊತ್ತು ತಂದಿದ್ದ. ಅವನ ಜೊತೆಯವನೊಬ್ಬ ಹೇಳಿಕೊಟ್ಟದ್ದು. ಅವ್ವನಿಗೆ ವಯಸ್ಸಾಗಿದೆ, ಮರೆವಿನ ಕಾಯಿಲೆ ಇದೆ, ಏನು ಹೇಳುತ್ತೇನೆಂದು ಅವರಿಗೇ ತಿಳಿಯುವುದಿಲ್ಲ ಅಂತ ಒಂದು ಸರ್ಟಿಫಿಕೇಟು ಲಗತ್ತಿಸಿದರೆ ಆಯಿತು, ಅವರ ಹೇಳಿಕೆಗೆ ಬೆಲೆ ಇರುವುದಿಲ್ಲ, ಕೇಸು ಅಲ್ಲಿಗೇ ಬೀಳುತ್ತದೆ. ಬೇರೆ ಡಾಕ್ಟರನ್ನು ಹುಡುಕಿಕೊಂಡು ಹೋಗುವ ಕೆಲಸವೂ ಇಲ್ಲ, ಭವಾನಿಯೇ ಎಂ.ಡಿ. ಇಷ್ಟನ್ನು ಅವನು ತಾಯಿಯ ಮುಖ ನೋಡದೆ ಒಂದೇ ಉಸಿರಿಗೆ ಹೇಳಿದ. ಗುರುಪಾದಯ್ಯನವರು ಈ ಸಲ ಮಜ್ಜಿಗೆ ಕೇಳಲಿಲ್ಲ. ಕಾಳಿನ ಬುಟ್ಟಿಯನ್ನು ಆಚೆ ಸರಿಸಿ ಮಗನನ್ನು ದಿಟ್ಟಿಸಿ ನೋಡಿದರು.

ಮೊದಲು ಮಾತಾಡಿದವರು ಜಗದಾಂಬ. "ಬರಿಯವಾ," ಅಂದರು ಸೊಸೆಗೆ. "ಅತ್ತಿಗೆ ಅರಳುಮರಳು ಅಂತ ಬರಿ. ನನ್ನ ವಯಸ್ಸಿಗೆ ಅದೇನು ನಾಚಿಗೇಡಲ್ಲ. ನಾ ಕೆಡಿಸಿದ್ದು ನನ್ನಿಂದನ ಸರಿಯಾಗ್ಲಿ."

ಅವರು ಮನಸ್ಸಿನಿಂದಲೇ ಹೇಳಿದ್ದರು. ಸೊಸೆಯ ಹೋದ ಮಾನ ತಮ್ಮ ಮಾನ ಕಳೆದುಕೊಂಡರೆ ತಿರುಗಿ ಬರುವುದಾದರೆ ಬರಲಿ ಅಂತ ಗಟ್ಟಿ ಮಾಡಿಕೊಂಡಿದ್ದರು. ಆದರೂ ನಾಳೆ ಗಲ್ಲಿಯಲ್ಲಿ ಹೋಗುವಾಗ ಹಾಲಿನವಳು ಸಹ, ಪಾಪ, ಅಮ್ಮಾಜಿಗೆ ನೆಟ್ಟಗಿಲ್ಲ ಅನ್ನುತ್ತಾಳಲ್ಲ ಅನ್ನುವುದು ಕಣ್ಣಮುಂದೆ ಬಂತು.

ಭವಾನಿ ಕೈತೊಳೆದು ಬಂದು ಅತ್ತೆಯ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಳು. ರೋಗಿಯನ್ನು ನೋಡುವ ಹಾಗೆಯೇ ಗಂಭೀರವಾಗಿ ಕೇಳತೊಡಗಿದಳು. ನಿನ್ನೆ ಮಧ್ಯಾಹ್ನ ಏನು ಅಡುಗೆ? ಹೂಕೋಸಿನ ಪಲ್ಯ, ಬೇಳೆ, ಬದರಿಗೆ ಮೆತ್ತಗಿನ ಅನ್ನ. ಇವತ್ತು ಯಾವ ವಾರ? ಸೋಮವಾರ, ನಿನ್ನ ಗಂಡ ಉಪವಾಸ ಅಂತ ಹೇಳಿ ಕಚೋರಿ ತಿಂದು ಬಂದಾನ, ಅಂಗಿ ಮ್ಯಾಲೆ ಕಲೆ ಐತಿ ನೋಡು. ಸಾತ್ವಿಕಾ ಕಿಸಕ್ಕೆಂದಳು. ಕಾಂತೇಶ ಅಂಗಿ ನೋಡಿಕೊಂಡ.

"ನಾ ಮದುವಿಯಾಗಿ ಬಂದ ವಾರ ಮಾಡಿದ ಮೊದಲ ರೊಟ್ಟಿ ಹೆಂಗಿತ್ರಿ ಅತ್ತಿ?"

"ಮೂರು ಮೂಲಿ ಇತ್ತು. ಒಂದ್ ಕಡೆ ಸುಟ್ಟಿತ್ತು, ಒಂದ್ ಕಡೆ ಹಸಿ. ನಿಮ್ಮ ಮಾವ ಒಬ್ರ ಸುಮ್ನ ತಿಂದ್ರು."

ಭವಾನಿ ಗಂಡನ ಕಡೆ ತಿರುಗಿದಳು. ಅವಳ ದನಿ ಏರಲಿಲ್ಲ. "ನಿಮ್ಮ ಅವ್ವಗ ಯಾವ ರೋಗಾನೂ ಇಲ್ರಿ. ರೋಗ ಇಲ್ಲದವ್ರಿಗೆ ರೋಗ ಐತಿ ಅಂತ ಬರದೀನಿ ಅಂತನ ಅವ್ರು ನನ್ನ ಮ್ಯಾಲೆ ಅಪವಾದ ಹೊರಸ್ಯಾರ. ಅದು ಸುಳ್ಳು ಅಂತ ತೋರಸಾಕ ನಾ ಈಗ ಅದನ್ನ ಮಾಡ್ಲ್ಯಾ? ದವಾಖಾನಿ ಹೋಗ್ಲಿ. ಈ ಕೈಲೆ ಅದನ್ನ ಬರಿಯೂದಿಲ್ಲ."

ಕಾಂತೇಶ ಕೆಂಪಗಾಗಿ ಎದ್ದು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಅಂಗಿ ಬದಲಿಸಿ ಬಂದು ತಾಯಿಯ ಪಕ್ಕದಲ್ಲೇ ಕೂತು ಅವರೆಕಾಳು ಸುಲಿಯತೊಡಗಿದ. ತಪ್ಪಾಯಿತು ಅಂತ ಬಾಯಿಬಿಟ್ಟು ಹೇಳುವ ಜಾಯಮಾನ ಆ ಮನೆಯ ಗಂಡಸರದ್ದಲ್ಲ, ಇಷ್ಟೇ ಬಹಳ. ಭವಾನಿ ಏಳುವಾಗ ಇನ್ನೊಂದು ಮಾತು ಹೇಳಿದಳು. ನಾಳೆಯಿಂದ ಪಂಕ್ತಿ ಶುರು ಮಾಡಿ ಅಂದಳು. ನಿಲ್ಲಿಸಿದರೆ ತಪ್ಪು ಒಪ್ಪಿಕೊಂಡ ಹಾಗೆ. ಹೇಳದೆ ಕೇಳದೆ ಮಧ್ಯಾಹ್ನದ ಹೊತ್ತಿಗೇ ಮತ್ತೆ ಬಂದು ನೋಡಿ ಅಂತ ಕಚೇರಿಗೆ ಉತ್ತರ ಬರೆಯುತ್ತೇನೆ ಅಂದಳು.

ಮಾರನೆಯ ದಿನ ಗಲ್ಲಿಗೆ ರೊಟ್ಟಿಯ ಸದ್ದು ವಾಪಸು ಬಂತು. ಜಗದಾಂಬ ಮಾತ್ರ ಬಡಿಯುತ್ತ ಬಡಿಯುತ್ತ ಬಾಯಿಪಾಠ ಮಾಡುತ್ತಿದ್ದರು: "ಮರೀಜ್ ಹೈಂ. ಸಬ್ ಮರೀಜ್ ಹೈಂ." ಸಾತ್ವಿಕಾ ತಿದ್ದುತ್ತಿದ್ದಳು. ಎಂದು ಬರುತ್ತಾರೋ ಗೊತ್ತಿಲ್ಲ. ಬಂದು ಕೇಳಿದರೆ ಈ ಸಲ ಪದ್ಧತಿ ಪಕ್ಕಕ್ಕಿಟ್ಟು ಹೇಳಿಯೇಬಿಡುವುದು ಅಂತ ತೀರ್ಮಾನ ಮಾಡಿದ್ದರು.

ಬಂದರು, ಎರಡು ವಾರದ ಮೇಲೆ. ಹಿರಿಯ ಡಾಕ್ಟರೊಬ್ಬಾಕೆ, ನರೆತ ಕೂದಲು, ಕಣ್ಣಿಗೆ ದಪ್ಪ ಕನ್ನಡಕ. ಹಿಂದೆ ಅದೇ ತೆಳ್ಳಗಿನ ಮನುಷ್ಯ. ಅಂದು ಬ್ಯಾಂಕಿಗೆ ರಜೆ, ಕಾಂತೇಶ ಮನೆಯಲ್ಲೇ ಇದ್ದ. ರೊಟ್ಟಿಯ ಸದ್ದಿಗೆ ಜನ ಆಗತಾನೇ ಏಳುತ್ತಿದ್ದರು. ಭವಾನಿ ಮೆಟ್ಟಿಲ ಬುಡದಲ್ಲಿ ತನ್ನ ಜಾಗದಲ್ಲಿ ಕೈಕಟ್ಟಿ ನಿಂತಿದ್ದಳು. ರೋಗಿಗಳನ್ನು ಮೆಟ್ಟಿಲು ಹತ್ತಿಸಿ ಮೇಲೆ ಕಳಿಸುವುದು ಯಾವ ಚಿಕಿತ್ಸೆ ಅಂತ ಆ ಡಾಕ್ಟರು ಖಾರವಾಗಿಯೇ ಕೇಳಿದರು. ಹಿಟ್ಟಿನ ಕೈಯಲ್ಲೇ ಜಗದಾಂಬ ಮೇಲಿನ ಮೆಟ್ಟಿಲಿಗೆ ಬಂದು ನಿಂತರು.

ಭವಾನಿ ಹಿಂದಿಯಲ್ಲಿ ಹೇಳಿದ್ದು ಅವರಿಗೆ ಒಂದಕ್ಷರ ಬಿಡದೆ ಕೇಳಿಸಿತು. ಮಲಗಿದವರೆಲ್ಲ ಗುಣವಾದವರ ಹಾಗೆಯೇ ಕಾಣುತ್ತಾರೆ, ಮೇಡಂ. ಎದ್ದಾಗ ಯಾರಿಗೆ ತಲೆ ತಿರುಗುತ್ತದೆ, ಯಾರಿಗೆ ಏದುಸಿರು ಬರುತ್ತದೆ, ಯಾರ ಕಾಲು ಭಾರವಾಗಿದೆ, ಅದನ್ನು ನನಗೆ ಹೇಳುವುದು ಈ ಮೆಟ್ಟಿಲು. ಅದಕ್ಕೇ ದಿನಾ ಇಲ್ಲಿ ನಿಲ್ಲುತ್ತೇನೆ. ಈ ಬದರಿ ಕಳೆದ ವಾರ ನಡುವೆ ಗೋಡೆ ಹಿಡಿದು ನಿಂತ. ಅವನ ಔಷಧಿ ಬದಲಿಸಿದೆ. ಇವತ್ತು ನಿಲ್ಲದೆ ಹತ್ತಿದರೆ ನಾಳೆ ಮನೆಗೆ. ಹತ್ತಲಾರದವರಿಗೆ ಊಟ ಮಂಚಕ್ಕೇ ಹೋಗುತ್ತದೆ. ಎದ್ದು ನಡೆಯಿರಿ ಅಂತ ನಾನು ಎಷ್ಟು ಹೇಳಿದರೂ ಯಾರೂ ಏಳುವುದಿಲ್ಲ. ನಮ್ಮ ಅತ್ತೆಯ ರೊಟ್ಟಿ ಸದ್ದಿಗೆ ಏಳುತ್ತಾರೆ. ನನ್ನ ಅರ್ಧ ಚಿಕಿತ್ಸೆ ಅವರೇ ಮಾಡುತ್ತಾರೆ.

ಹಿಟ್ಟಿನ ಕಾವಲು ಅಂದುಕೊಂಡದ್ದು ಇದೇನಾ? ಜಗದಾಂಬ ಗೋಡೆಗೆ ಕೈಕೊಟ್ಟು ನಿಂತರು. ಇಷ್ಟು ವರ್ಷ ಒಳಗೊಳಗೆ ಶಾಪ ಹಾಕಿದ ತಮ್ಮ ಬಾಯಿಗೆ ಆ ಹಿಟ್ಟನ್ನೇ ತುರುಕಿಕೊಳ್ಳಬೇಕು ಅನ್ನಿಸಿತು. ಬದರಿ ಆ ಹೊತ್ತಿಗೆ ನಿಲ್ಲದೆ ಮೇಲೆ ಬಂದು, "ರಾಮ್ ರಾಮ್ ಅಮ್ಮಾಜಿ," ಅಂತ ಚಾಪೆಯ ಮೇಲೆ ಕೂತ.

ಹಿರಿಯ ಡಾಕ್ಟರು ಒಬ್ಬೊಬ್ಬರ ನಾಡಿ ಹಿಡಿದು, ಎದೆಗೆ ಸ್ಟೆತಸ್ಕೋಪು ಇಟ್ಟು, ಕಾಲು ಒತ್ತಿ ನೋಡಿಯೇ ಮೇಲೆ ಬಿಟ್ಟರು. ಆಮೇಲೆ ತಾವೂ ಮೇಲೆ ಬಂದರು. ಪಂಕ್ತಿ ತುಂಬಿತ್ತು. "ಮಾತಾಜಿ," ಅಂದರು, "ಇವರು ಯಾರು? ಈಗ ಹೇಳಿ."

ಎಲ್ಲರ ಕೈ ಬಾಯಿಯ ಹತ್ತಿರವೇ ನಿಂತಿತು. ಕಾಂತೇಶ ಬಾಗಿಲ ಹಿಂದಿನಿಂದ ಕಣ್ಣಲ್ಲೇ ಹೇಳಿಕೊಡುತ್ತಿದ್ದ. ಜಗದಾಂಬ ಬಾಯಿ ತೆರೆದರು. ಬಾಯಿಪಾಠ ಮಾಡಿದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಎದುರಿಗೆ ನೂರಜಹಾನ್ ಬೀಬಿ ತುತ್ತು ಹಿಡಿದುಕೊಂಡು ಅವರನ್ನೇ ನೋಡುತ್ತಿದ್ದಳು. ಉಣ್ಣುವವಳ ಮುಖಕ್ಕೆ ನೀನು ರೋಗಿ ಅನ್ನುವುದು ಹೇಗೆ? ಅವರು ಸೌಟು ಕೆಳಗಿಟ್ಟು, ಆ ಡಾಕ್ಟರ ಮುಂಗೈ ಹಿಡಿದು, ಬನ್ನಿ ಅಂದರು. ಮಂಡಿನೋವಿನ ಕಾಲಿನಲ್ಲಿ ಒಂದೊಂದೇ ಮೆಟ್ಟಿಲು ಇಳಿದು ವಾರ್ಡಿಗೆ ಕರೆದುಕೊಂಡು ಹೋದರು. ಖಾಲಿ ಮಂಚದ ಮೇಲೆ ಕೈಯಿಟ್ಟರು.

"ಯಹ್ ಬದರಿ ಕೀ ಖಾಟ್. ಯಹಾಂ ಮರೀಜ್ ಹೈ," ಅಂದರು. ಮುಂದಿನ ಮಂಚ ಮುಟ್ಟಿದರು. "ಯಹ್ ಬೀಬೀ ಕೀ. ಯಹಾಂ ಮರೀಜ್ ಹೈ." ಹೀಗೆ ಎಲ್ಲ ಮಂಚ ಮುಟ್ಟಿ ಬಂದು ಮಹಡಿಯ ಕಡೆ ಕೈ ತೋರಿಸಿದರು. "ಊಪರ್ ಮೆಹ್ಮಾನ್ ಹೈಂ. ಉಣ್ಣುವವರನ್ನು ನಾನು ರೋಗಿ ಅನ್ನುವುದಿಲ್ಲ, ಬೇಟಿ. ಈ ಸಾಹೇಬರು ಅವತ್ತು ಮೇಲೆ ಕೇಳಿದರು. ಕೆಳಗೆ ಕೇಳಿದ್ದರೆ ಕೆಳಗಿನದು ಹೇಳುತ್ತಿದ್ದೆ. ನನ್ನ ಸೊಸೆ ಸುಳ್ಳು ಬರೆಯುವವಳಲ್ಲ."

ತೆಳ್ಳಗಿನ ಮನುಷ್ಯ ತಲೆ ಕೆರೆದುಕೊಂಡ. ಅಮ್ಮಾಜಿ ಮೂರು ರೊಟ್ಟಿ ತಿನ್ನಿಸಿದ್ದನ್ನು ಮಾತ್ರ ತಾನು ವರದಿಯಲ್ಲಿ ಬರೆದಿರಲಿಲ್ಲ ಅಂತ ಮೆಲ್ಲಗೆ ಹೇಳಿದ. ಹಿರಿಯ ಡಾಕ್ಟರು ಕನ್ನಡಕ ತೆಗೆದು ನಕ್ಕರು. ಭವಾನಿ ನಗಲಿಲ್ಲ, ಗೋಡೆಯ ಕಡೆ ತಿರುಗಿ ನಿಂತಿದ್ದಳು.

ಆದೇಶ ಬರಲು ಮತ್ತೆ ಕೆಲವು ವಾರ ಹಿಡಿಯಿತು. ಆರೋಪ ಬಿದ್ದುಹೋಗಿತ್ತು, ಕಾರ್ಡಿನವರನ್ನು ಸೇರಿಸಿಕೊಳ್ಳಲು ಅನುಮತಿ ಬಂದಿತ್ತು. ತಡೆದ ಹಣದಲ್ಲಿ, ವಿಮೆಯವರು ಸಾಕ್ಷಿಗೆಂದು ದಿನಾ ಕೇಳುವ, ರೋಗಿ ಮಂಚದ ಮೇಲಿರುವ ಫೋಟೊ ಇಲ್ಲದ ದಿನಗಳದ್ದನ್ನು ಕತ್ತರಿಸಿ ಉಳಿದದ್ದನ್ನು ಕೊಟ್ಟರು. ನರ್ಸುಗಳಿಗೆ, ಔಷಧಿ ಅಂಗಡಿಗೆ, ಸಾತ್ವಿಕಾಳ ಫೀಸಿಗೆ ಹಂಚುವಷ್ಟರಲ್ಲಿ ಅದು ಮುಗಿದೇ ಹೋಯಿತು. ಕಾಂತೇಶ ಆ ತಿಂಗಳು ಕಾರ್ಡಿನವರ ಸುದ್ದಿ ಎತ್ತಲಿಲ್ಲ. ಬ್ಯಾಂಕಿನ ಆ ಉಪಾಯದ ಗೆಳೆಯನಿಗೆ ನಮ್ಮ ಮನೆಯವಳ ಕೈ ಬೇರೆ ಥರದ್ದು ಅಂತ ಹೇಳಿಬಂದನಂತೆ.

ಆದೇಶದ ಕೊನೆಯಲ್ಲಿ ಒಂದು ಷರತ್ತಿತ್ತು. ಊಟದ ಜಾಗ ದವಾಖಾನೆಯದೇ ಭಾಗ ಅಂತ ಗೊತ್ತಾಗುವ ಹಾಗೆ 'ರೋಗಿ ಭೋಜನ ಕಕ್ಷ' ಅಂತ ಫಲಕ ಹಾಕಬೇಕು. ಕಾಂತೇಶ ಬರೆಯಿಸಿ ತಂದ ನೀಲಿ ಫಲಕವನ್ನು ನೋಡಿ ಎಲ್ಲರೂ ಜಗದಾಂಬನವರ ಮುಖ ನೋಡಿದರು. ಈಗ ಅಜ್ಜಿಯ ಕೂಗಿಗೆ ಸೂರು ಹಾರುತ್ತದೆ ಅಂತ ಸಾತ್ವಿಕಾ ಕಿವಿ ಮುಚ್ಚಿಕೊಂಡಳು. ಜಗದಾಂಬ ಫಲಕ ತಗೊಂಡು ಧೂಳೊರೆಸಿದರು. ಮೊಳೆ, ಸುತ್ತಿಗೆ ತಾ ಅಂದರು ಮಗನಿಗೆ. ಕೆಳಗೆ ಇಳಿದು ಹೋಗಿ ಮೆಟ್ಟಿಲ ಬುಡದಲ್ಲಿ, ವಾರ್ಡಿನ ಕಡೆ ಮುಖ ಮಾಡಿ, ಭವಾನಿ ನಿಲ್ಲುವ ಜಾಗದ ಮೇಲೆಯೇ ಹೊಡೆಸಿದರು. ಮೇಲೆ ಕೂತವರಿಗೆ ಅದರ ಒಂದಕ್ಷರವೂ ಕಾಣುವುದಿಲ್ಲ.

"ಅಲ್ಲೀತನಕ ರೋಗಿ," ಅಂದರು. "ಮುಂದ ಅಲ್ಲ."

ಮರುದಿನ ಮಧ್ಯಾಹ್ನ ಪಂಕ್ತಿ ಕೂತಿತು. ಗುಣವಾಗಿ ಮನೆಗೆ ಹೋಗಿದ್ದ ಬದರಿ, ನೂರಜಹಾನ್ ಬೀಬಿ ಇಬ್ಬರೂ ಮತ್ತೆ ತೋರಿಸಿಕೊಳ್ಳಲು ಬಂದವರು ಉಣ್ಣದೆ ಹೋಗಿರಲಿಲ್ಲ. ಜಗದಾಂಬ ಬಡಿಸುವ ಮೊದಲು ಮೆಟ್ಟಿಲ ಮೇಲಿನಿಂದ ಬಗ್ಗಿ ಸೊಸೆಯನ್ನು ಕೂಗಿದರು. ಯಾರಾದರೂ ಬಿದ್ದರೇನೋ ಅಂತ ಭವಾನಿ ಎರಡೆರಡು ಮೆಟ್ಟಿಲು ಹಾರಿ ಬಂದಳು. ಯಾರೂ ಬಿದ್ದಿರಲಿಲ್ಲ. ನೂರಜಹಾನ್ ಬೀಬಿಯ ಪಕ್ಕದಲ್ಲಿ ಒಂದು ತಟ್ಟೆ ಖಾಲಿ ಇತ್ತು. ಈ ಮನೆಗೆ ಬಂದಂದಿನಿಂದ ಅವಳು ಮಧ್ಯಾಹ್ನ ಉಂಡದ್ದೆಲ್ಲ ಒಲೆಯ ಹತ್ತಿರ ನಿಂತುಕೊಂಡೇ, ಅದೂ ಎಲ್ಲರದ್ದೂ ಮುಗಿದ ಮೇಲೆ.

"ಕುಂದ್ರು," ಅಂದರು ಜಗದಾಂಬ.

ಕೆಳಗೆ ಕೆಲಸವಿದೆ ಅಂತ ಅವಳು ಬಾಯಿ ತೆರೆಯುವಷ್ಟರಲ್ಲಿ ತಟ್ಟೆಗೆ ಬಿಸಿ ರೊಟ್ಟಿ ಬಿದ್ದಿತ್ತು. ಭವಾನಿ ಕೂತಳು. ಕೆಳಗೆ ಮಲಗಿದ್ದ ಗಂಡನನ್ನು ನೋಡಲು ಗಾಜಿಪುರದಿಂದ ಆಗತಾನೇ ಬಂದಿದ್ದ ಹಳ್ಳಿಯ ಹೆಂಗಸೊಬ್ಬಳು ಎದುರಿಗಿದ್ದಳು. ಅವಳಿಗೆ ಇಲ್ಲಿನ ರೀತಿಯೂ ಗೊತ್ತಿಲ್ಲ, ಡಾಕ್ಟರ ಗುರುತೂ ಇಲ್ಲ. ಈಗ ಬಂದು ಕೂತವರು ಯಾರು, ಇವರಿಗೇನು ಕಾಯಿಲೆ ಅಂತ ಗಟ್ಟಿಯಾಗಿಯೇ ಕೇಳಿಬಿಟ್ಟಳು.

ಬದರಿ ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟ. ಗುರುಪಾದಯ್ಯನವರು ತಲೆಯೆತ್ತಿದರು. ಪಂಕ್ತಿಯಲ್ಲಿ ಕೂತವರ ಗುರುತನ್ನು ಯಾರಿಗೂ ಹೇಳದ ಹೆಂಗಸು, ಸರ್ಕಾರ ಬಂದು ಕೇಳಿದರೂ ಹೇಳದ ಹೆಂಗಸು, ರೊಟ್ಟಿಯ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಸೊಸೆಯ ಎದುರಿಗೇ ನಿಂತರು.

"ಡಾಕ್ಟರ್ ಸಾಹಿಬಾ ಹೈಂ," ಅಂದರು. "ಕಾಶಿಯಲ್ಲಿ ಇಂಥವರು ಇನ್ನೊಬ್ಬರಿಲ್ಲ. ನನ್ನ ಸೊಸೆ."

ಭವಾನಿ ತಲೆ ಎತ್ತಲಿಲ್ಲ. ರೊಟ್ಟಿ ಮುರಿದಳು. ಬೇಳೆಗೆ ಅದ್ದುವ ಮೊದಲೇ ಅದು ಒದ್ದೆಯಾಗಿತ್ತು.